ನೀರು ನುಸುಳದ ಬೂಟು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಬೇಟೆಗೆ ಹೋಗುವಾಗ ಹಾಕಲು ಮೊಣಕಾಲಿನವರೆಗೆ ಬರುವ, ನೀರು ನುಸುಳದ, ನಾಲ್ಕು ಕಾಲ ಬಾಳುವ ಬೂಟು ಯಾವುದೆಂದು ನೀನು ಒಂದೇ ಸಾಲಿನಲ್ಲಿ ಕೇಳಿದ್ದೀಯ. ಒಂದು ಸಾಲಿನ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಡುವ ಅಭ್ಯಾಸ ನನಗಿಲ್ಲ ಎಂಬುದು ನಿನಗೆ ಗೊತ್ತಿದ್ದೂ ಕೇಳಿದ್ದೀಯ ಎಂದ ಮೇಲೆ ಅನುಭವಿಸು. ಇದನ್ನು ಎಲ್ಲರೂ ಓದುವಂತೆ ಹಾಕುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡ. ಇದೇ ಪ್ರಶ್ನೆ ಇನ್ನೂ ಕೆಲವರದ್ದಿದೆ, ಮತ್ತು ಮೂರನೆಯ ಮೊಸಳೆಯ ವಿಷಯವನ್ನು ಎತ್ತುವುದಿಲ್ಲವೆಂದು ನಾನು ಮಾತು ಕೊಡುತ್ತೇನೆ. ನಡುವೆ ಇಣುಕಿ ಓದುತ್ತಿರುವವರು ಸಿಟ್ಟಾಗುವ ಮುನ್ನ ತಿಳಿಯಬೇಕಾದದ್ದು ಇಷ್ಟು: ಕಾನೂನು ಒಪ್ಪುವ ಕಡೆ, ಪರವಾನಗಿ ಪಡೆದು, ನಿಗದಿಯಾದ ಋತುವಿನಲ್ಲಿ ನಡೆಯುವ ಬೇಟೆಯ ಮಾತು ಇದು.

ಬೂಟು ಕೊಳ್ಳುವವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಪಾದದ ಅಳತೆ ನೋಡುತ್ತಾರೆ. ಮೊಣಕಾಲುದ್ದದ ಬೂಟು ಕಾಡುವುದಾದರೆ ಮೀನಖಂಡದ ಬಳಿ ಕಾಡುತ್ತದೆ, ಇಲ್ಲವೇ ಹಿಮ್ಮಡಿಯ ಬಳಿ ಕಾಡುತ್ತದೆ. ಇವುಗಳ ಎತ್ತರ ಸಾಮಾನ್ಯವಾಗಿ 16ರಿಂದ 18 ಅಂಗುಲ. ಮೇಲಿನ ಅಂಚು ಮೊಣಕಾಲ ಹಿಂಬದಿಯ ಮಡಿಕೆಗಿಂತ ಎರಡು ಬೆರಳು ಕೆಳಗಿದ್ದರೆ ಸರಿ, ಅದಕ್ಕಿಂತ ಮೇಲೆ ಬಂದರೆ ಕುಕ್ಕರಗಾಲಿನಲ್ಲಿ ಕುಳಿತ ಹೊತ್ತೆಲ್ಲ ಅದು ಚರ್ಮವನ್ನು ಕೊರೆಯುತ್ತಿರುತ್ತದೆ. ಮೀನಖಂಡದ ಸುತ್ತಳತೆಯನ್ನು ಬೇಟೆಗೆ ಹಾಕುವ ಪ್ಯಾಂಟಿನ ಮೇಲೆಯೇ, ದಪ್ಪ ಕಾಲುಚೀಲ ತೊಟ್ಟು, ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ತೆಗೆಯಬೇಕು. ಹಿಮ್ಮಡಿ ಒಳಗೆ ಮೇಲೆ ಕೆಳಗೆ ಜಾರುತ್ತಿದ್ದರೆ ಆ ಬೂಟನ್ನು ಅಲ್ಲಿಯೇ ಬಿಟ್ಟು ಬಾ. ಜಾರುವ ಹಿಮ್ಮಡಿ ಒಣ ನೆಲದ ಮೇಲೆ ಬೊಬ್ಬೆ ಎಬ್ಬಿಸುತ್ತದೆ, ಜವುಗಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಮಾಡುತ್ತದೆ: ಪಾದ ಮೇಲೆ ಬರುತ್ತದೆ, ಬೂಟು ಕೆಸರಿನಲ್ಲೇ ನಿಲ್ಲುತ್ತದೆ. ಕಣಕಾಲಿನ ಬಳಿ ಬಿಗಿಯಾಗಿ ಹಿಡಿಯುವಂತೆ ಅಚ್ಚು ಮಾಡಿದ, ಮೇಲ್ತುದಿಯಲ್ಲಿ ಸಡಿಲಿಸಿ ಬಿಗಿಯುವ ಪಟ್ಟಿಯಿರುವ ಬೂಟು ಈ ಎರಡೂ ತೊಂದರೆಗಳನ್ನು ಬಹುಮಟ್ಟಿಗೆ ನಿವಾರಿಸುತ್ತದೆ.

ಇನ್ನು ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆ. ಹಸಿ ರಬ್ಬರ್ ಬಿಸಿಲಿಗೆ ಅಂಟಾಗಿ ಚಳಿಗೆ ಮುರಿಯುತ್ತಿದ್ದ ಕಾಲದಲ್ಲಿ, 1839ರಲ್ಲಿ, ಚಾರ್ಲ್ಸ್ ಗುಡ್‌ಇಯರ್ ಅದನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿ ಮಾಡುವ ಬಗೆಯನ್ನು ಕಂಡುಕೊಂಡ. 1853ರ ಹೊತ್ತಿಗೆ ಹೈರಮ್ ಹಚಿನ್ಸನ್ ಎಂಬ ಅಮೆರಿಕನ್ ಫ್ರಾನ್ಸಿನಲ್ಲಿ ಅದೇ ರಬ್ಬರಿನ ಬೂಟುಗಳನ್ನು ತಯಾರಿಸತೊಡಗಿದ್ದ. ಬಾಳಿಕೆಯ ಮಾತು ಬಂದಾಗ ನಾನು ಇಂದಿಗೂ ಅದರ ಪಕ್ಷ. ಒಳ್ಳೆಯ ನೈಸರ್ಗಿಕ ರಬ್ಬರಿನ ಬೂಟು ಚಳಿಯಲ್ಲೂ ಬಾಗುತ್ತದೆ, ಮುಳ್ಳು ತೂತು ಮಾಡಿದರೆ ಸೈಕಲ್ ಟ್ಯೂಬಿಗೆ ಹಚ್ಚುವ ತೇಪೆಯನ್ನೇ ಹಚ್ಚಬಹುದು. ಅದೇ ತೇಪೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಬೂಟಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಪಿವಿಸಿ ಅಗ್ಗ, ಆದರೆ ಚಳಿಗೆ ಬಿರುಸಾಗಿ, ನಡೆಯುವಾಗ ಮಡಿಯುವ ಜಾಗದಲ್ಲಿಯೇ ಒಡೆಯುತ್ತದೆ. ಪಾಲಿಯುರೆಥೇನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ಹಗುರ, ಬೆಚ್ಚಗೆ. ಆದರೆ ಅದರ ಕೆಲವು ಬಗೆಗಳು ಗಾಳಿಯ ತೇವಕ್ಕೇ ನಿಧಾನವಾಗಿ ಶಿಥಿಲಗೊಂಡು, ಹಾಕದೆ ಇಟ್ಟಿದ್ದರೂ ವರ್ಷಗಳ ನಂತರ ಅಟ್ಟೆ ಪುಡಿಯಾಗಿ ಉದುರುತ್ತದೆ. ನಿಯೋಪ್ರೀನ್ ಎಂಬ ಕೃತಕ ರಬ್ಬರ್ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞರು 1930ರಲ್ಲಿ ಕಂಡುಹಿಡಿದದ್ದು. ಬೂಟಿಗೆ ಬಳಸುವುದು ಅದರ ನೊರೆಯ ರೂಪವನ್ನು, ಸಾಮಾನ್ಯವಾಗಿ 5 ಮಿಲಿಮೀಟರ್ ದಪ್ಪದ್ದನ್ನು. ಮೀನಖಂಡಕ್ಕೆ ಹೊಂದಿಕೊಂಡು ಹಿಗ್ಗುತ್ತದೆ, ಶಾಖ ಹಿಡಿದಿಡುತ್ತದೆ, ಮುಳ್ಳುಪೊದೆಗಳ ನಡುವೆ ಮಾತ್ರ ಬೇಗ ಗಾಯಗೊಳ್ಳುತ್ತದೆ. ಚರ್ಮದ ಒಳಗೆ ಪೊರೆ ಇಟ್ಟ ಬೂಟುಗಳನ್ನೂ ನೀನು ನೋಡಿರುತ್ತೀಯ. ಬಾಬ್ ಗೋರ್ 1969ರಲ್ಲಿ ಟೆಫ್ಲಾನ್ ಜಾತಿಯ ವಸ್ತುವನ್ನು ಹಠಾತ್ತನೆ ಜಗ್ಗಿ ಹಿಗ್ಗಿಸಿದಾಗ ಸಿಕ್ಕ ಪೊರೆ ಅದು. ಗುಡ್ಡ ಹತ್ತುವವರಿಗೆ ಅದು ಒಳ್ಳೆಯದು. ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲುವವನಿಗೆ, ಅದರಲ್ಲೂ ಜಿಂಕೆಯ ಮೂಗಿಗೆ ಅಂಜುವವನಿಗೆ, ತೊಳೆದರೆ ವಾಸನೆ ಬಿಡುವ ರಬ್ಬರ್ ವಾಸಿ. ಚರ್ಮ ಮನುಷ್ಯನ ವಾಸನೆಯನ್ನು ಹೀರಿಕೊಂಡು ಸಾಕಿಕೊಳ್ಳುತ್ತದೆ.

ಅಟ್ಟೆಯ ಹಲ್ಲುಗಳು ಆಳವಾಗಿ, ದೂರ ದೂರ ಇದ್ದರೆ ಕೆಸರು ತಾನಾಗಿ ಉದುರುತ್ತದೆ. ಏಣಿ ಹತ್ತಿ ಅಟ್ಟಣೆಯ ಮೇಲೆ ಕೂರುವವನಾದರೆ ಅಂಗಾಲಿನ ಕೆಳಗೆ ಗಟ್ಟಿಯಾದ ಪಟ್ಟಿ ಇದೆಯೇ ನೋಡು.

ಎಲ್ಲಕ್ಕಿಂತ ಮುಖ್ಯವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನೀನು ನಡೆಯುವವನೋ, ಕೂರುವವನೋ? ನಡೆಯುವವನಿಗೆ ಒಳಗೆ ಉಷ್ಣ ಹಿಡಿಯುವ ಪದರ ಬೇಡ. ಹಿಮದಲ್ಲಿ ಮರಸು ಕೂರುವವನಿಗೆ 800 ಗ್ರಾಂ ಎಂದು ಬರೆದ ಪದರವೂ ಕಡಿಮೆಯೇ ಆಗಬಹುದು; ಆ ಸಂಖ್ಯೆ ಬೂಟಿನ ತೂಕವಲ್ಲ, ಒಂದು ಚದರ ಮೀಟರ್ ಪದರದ ತೂಕ. ಈ ಪ್ರಶ್ನೆಯನ್ನು ನಿನಗಾಗಿ ಬರೆದು ನನಗೂ ಕೇಳಿಕೊಂಡೆ. ಉತ್ತರ ಕೂರುವವನು ಎಂದೇ ಬಂತು. ಅದರಾಚೆಗೆ ಏನು ಮಾಡುವವನು ಎಂದು ಕೇಳಿಕೊಂಡಾಗ ಲೇಖನಿ ಸ್ವಲ್ಪ ಹೊತ್ತು ನಿಂತಿತು.

ಲಿಯಾನ್ ಲಿಯಾನ್‌ವುಡ್ ಬೀನ್ ಎಂಬಾತನ ಕತೆ ನಿನಗೆ ಗೊತ್ತಿರಬಹುದು. 1911ರಲ್ಲಿ ಬೇಟೆಯಿಂದ ಒದ್ದೆ ಕಾಲಿನಲ್ಲಿ ಮರಳಿದ ಈತ, ರಬ್ಬರಿನ ಪಾದಕ್ಕೆ ಚರ್ಮದ ಮೇಲ್ಭಾಗವನ್ನು ಹೊಲಿಸಿದ. ಮರುವರ್ಷ ಮಾರಿದ ಮೊದಲ 100 ಜೊತೆಗಳಲ್ಲಿ 90 ಜೊತೆಗಳು ಹೊಲಿಗೆ ಬಿಟ್ಟು ವಾಪಸು ಬಂದವು. ಹಣ ಹಿಂದಿರುಗಿಸಿ, ಸಾಲ ಮಾಡಿ, ದೋಷ ತಿದ್ದಿ ಮತ್ತೆ ಮಾರಿದ. ಎರಡು ವಸ್ತುಗಳು ಕೂಡುವ ಜಾಗದಲ್ಲಿಯೇ ಬೂಟು ಮೊದಲು ಸೋಲುತ್ತದೆ, ಆದ್ದರಿಂದ ಕೊಳ್ಳುವಾಗ ಬೆರಳು ಓಡಿಸಬೇಕಾದದ್ದು ಅಲ್ಲಿ ಎಂದು ಹೇಳುವುದಕ್ಕಾಗಿಯೇ ನಾನು ಈ ಕತೆ ತೆಗೆದದ್ದು. ಆದರೆ ಅದನ್ನು ಮತ್ತೆ ಓದುವಾಗ ಬೇರೊಂದು ಮಾತು ಎದೆಗೆ ತಾಗಿತು. ಒದ್ದೆ ಕಾಲಿನಲ್ಲಿ ಮರಳಿದ ಆ ಮನುಷ್ಯನಿಗೆ ಮತ್ತೆ ಹೋಗುವ ಹಟವಿತ್ತು. ಒದ್ದೆ ಕಾಲಿನಲ್ಲಿ ಮರಳಿದಾಗಲೆಲ್ಲ ನನಗೆ ಇದ್ದದ್ದು ನೆಮ್ಮದಿ.

ಆ ಗಂಡು ಜಿಂಕೆ ನೆನಪಿದೆಯೇ? ನೀನು ಆಚೆ ದಡದಲ್ಲಿದ್ದೆ. ಅದು ನನ್ನ ಕೋವಿಗೆ ಅಡ್ಡಲಾಗಿ, ತಪ್ಪುವುದಕ್ಕೆ ಆಸ್ಪದವೇ ಇಲ್ಲದಷ್ಟು ಹತ್ತಿರದಲ್ಲಿ ನಿಂತಿತ್ತು. ನಾನು ಎದ್ದು ನಿಂತೆ. ಅದು ಹೋಯಿತು. ಬೂಟಿನೊಳಗೆ ನೀರು ತುಂಬಿ ಕಾಲು ಮರಗಟ್ಟಿತ್ತು, ಕೂರಲಾಗಲಿಲ್ಲ ಎಂದೆ. ಬೂಟಿನೊಳಗೆ ನೀರು ಇದ್ದದ್ದು ನಿಜ. ಉಳಿದದ್ದನ್ನು ನೀನು ನಂಬಿದೆಯೋ, ನಂಬಿದಂತೆ ಇದ್ದೆಯೋ, ನಾನು ಕೇಳಲಿಲ್ಲ. ಆಗಿನಿಂದ ಸೋರುವ ಬೂಟು ನನ್ನ ಪರವಾಗಿ ಎಷ್ಟೋ ಸಲ ಸಾಕ್ಷಿ ಹೇಳಿದೆ. ಈಗ ನಿನ್ನ ಪ್ರಶ್ನೆಯ ನೆಪದಲ್ಲಿ ಒಂದು ಹನಿಯೂ ನುಸುಳದ ಬೂಟನ್ನು ಹುಡುಕಿ ಕೊಟ್ಟರೆ, ನೀನು ನನಗೂ ಒಂದು ಜೊತೆ ಕೊಳ್ಳೆನ್ನುತ್ತೀಯ. ಕೊಂಡ ಮೇಲೆ ಎದ್ದು ನಿಲ್ಲುವುದಕ್ಕೆ ನನ್ನಲ್ಲಿ ಯಾವ ಕಾರಣ ಉಳಿಯುತ್ತದೆ? ಈಡು ಹೊಡೆಯುವ ಆಸೆ ಹೋಗಿದೆ ಎಂದು ನೇರವಾಗಿ ಹೇಳಿಬಿಡಬಹುದಿತ್ತು. ಹೇಳದೆ ಇದ್ದದ್ದು ಬೇಟೆಗಾರನೆಂಬ ಬಿರುದಿನ ಮೋಹದಿಂದಲ್ಲ. ಬೇಟೆಯ ನೆಪವಿಲ್ಲದಿದ್ದರೆ ನಾವಿಬ್ಬರೂ ಒಂದೆಡೆ ಗಂಟೆಗಟ್ಟಲೆ ಮಾತಿಲ್ಲದೆ ಇರುವುದಕ್ಕೆ ಬೇರೆ ಏನಿದೆ ಎಂದು ಯೋಚಿಸಿದಾಗಲೆಲ್ಲ ಉತ್ತರ ಸಿಗದೆ ಭಯವಾಗಿತ್ತು, ಅದಕ್ಕೆ.

ಬೂಟಿನ ಪತ್ರ ಎಲ್ಲಿಂದ ಎಲ್ಲಿಗೆ ಹೋಯಿತು ನೋಡು. ಓದುತ್ತಿರುವ ಉಳಿದವರು ಮೇಲಿನ ಪ್ಯಾರಾ ಬಿಟ್ಟು ಓದಿಕೊಳ್ಳಬಹುದು, ಅದರಲ್ಲಿ ಕೊಳ್ಳುವವರಿಗೆ ಉಪಯೋಗವಾಗುವ ವಿಷಯವೇನೂ ಇಲ್ಲ.

ಹಾಗೆ ನೋಡಿದರೆ ನಾನು ಇಷ್ಟು ಗಾಬರಿಯಾಗಬೇಕಾಗಿಯೂ ಇಲ್ಲ. ಹೊರಗಿನ ನೀರನ್ನು ಬಿಡದ ರಬ್ಬರ್ ಒಳಗಿನ ಬೆವರನ್ನೂ ಬಿಡುವುದಿಲ್ಲ, ಆದ್ದರಿಂದ ಎಂಥ ಉತ್ತಮ ಬೂಟಿನಲ್ಲೂ ಹೊತ್ತೇರುವಷ್ಟರಲ್ಲಿ ಕಾಲುಚೀಲ ಒದ್ದೆಯಾಗಿರುತ್ತದೆ. ಹತ್ತಿಯದನ್ನು ಹಾಕಬೇಡ, ಉಣ್ಣೆಯದನ್ನು ಹಾಕು, ಬದಲಾಯಿಸಲು ಇನ್ನೊಂದು ಜೊತೆ ಚೀಲದಲ್ಲಿರಲಿ. ನೀರು ಹೆಪ್ಪುಗಟ್ಟದಷ್ಟು ಸಾಧಾರಣ ಚಳಿಯಲ್ಲೂ ಬಹಳ ಹೊತ್ತು ಒದ್ದೆಯಾಗಿರುವ ಪಾದ ಕೆಡುತ್ತದೆ, ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರು ಅದನ್ನು ಅನುಭವಿಸಿದ್ದಾರೆ. ನಾನು ಮಾತ್ರ ಹತ್ತಿಯದನ್ನೇ ಹಾಕುವ ಆಲೋಚನೆಯಲ್ಲಿದ್ದೇನೆ.

ಕೊನೆಗೆ ನಿನ್ನ ಪ್ರಶ್ನೆಗೆ ಉತ್ತರ: ನೈಸರ್ಗಿಕ ರಬ್ಬರ್, ಕಣಕಾಲಿಗೆ ಬಿಗಿ, 16 ಅಂಗುಲ, ಒಳಪದರವಿಲ್ಲದ್ದು, ಏಕೆಂದರೆ ನೀನು ಕುಳಿತಲ್ಲಿ ಕೂರುವವನಲ್ಲ. ತಂದ ರಾತ್ರಿ ಕತ್ತಲ ಕೋಣೆಯಲ್ಲಿ ಬೂಟಿನೊಳಗೆ ಟಾರ್ಚ್ ಹಚ್ಚಿ ನೋಡು, ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಕಾಣಬಹುದು. ಮೇಲೆ ಬಿಳಿ ಪುಡಿ ಕೂತರೆ ಹೌಹಾರಬೇಡ, ರಬ್ಬರಿನೊಳಗಿನ ಮೇಣವೋ ಗಂಧಕವೋ ಹೊರಬಂದದ್ದು, ಒರೆಸಿದರೆ ಹೋಗುತ್ತದೆ. ಬೆಂಕಿಯ ಪಕ್ಕ ಒಣಗಿಸಬೇಡ, ಪತ್ರಿಕೆಯ ಹಾಳೆ ತುರುಕಿ ನೆರಳಿನಲ್ಲಿಡು. ಬಿಸಿಲು ಬೀಳುವಲ್ಲಿ, ವಿದ್ಯುತ್ ಮೋಟಾರಿನ ಹತ್ತಿರ ಇಡಬೇಡ, ಅಲ್ಲಿ ಹುಟ್ಟುವ ಓಝೋನ್ ರಬ್ಬರನ್ನು ಬಿರಿಯಿಸುತ್ತದೆ.

ಮೀನಖಂಡದ ಸುತ್ತಳತೆ ಬರೆದು ಕಳುಹಿಸು. ಟೇಪು ಹಿಡಿಯುವ ಕೆಲಸವನ್ನು ಮಾತ್ರ ಆ ಮಹಾನುಭಾವರಿಗೆ ವಹಿಸಬೇಡ; ಟೋಪಿಯ ವಿಷಯದಲ್ಲಿ ಏನಾಯಿತೆಂದು ನೋಡಿದ್ದೇವಲ್ಲ.

ನಿನ್ನವನೇ,
ಒದ್ದೆಗಾಲಿನವನು