ಪ್ರಾರ್ಥನೆ ಬದಲಾದರೆ ಕೇರಿ ಬದಲಾಗುತ್ತಾ?

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾಗುವ ಹೊತ್ತಿಗೆ ಎದ್ದ ಗಲಾಟೆ ನಿಮ್ಮ ಓದುಗರಿಗೆ ನೆನಪಿರಬಹುದು. ಜಾತಿ ಪಟ್ಟಿಯಲ್ಲಿ ಕುರುಬ ಕ್ರಿಶ್ಚಿಯನ್, ಒಕ್ಕಲಿಗ ಕ್ರಿಶ್ಚಿಯನ್ ಅಂತೆಲ್ಲ ಬಂದಿತ್ತು. ವಿರೋಧ ಜೋರಾಯಿತು. ಕೊನೆಗೆ ಸಮೀಕ್ಷೆ ನಡೆಸುವ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಅಂಥ 33 ಹೆಸರುಗಳು ಆ್ಯಪ್‌ನಲ್ಲಿ ಕಾಣದ ಹಾಗೆ ಮಾಡಿತು. ಆಗ ಎರಡು ಮಾತು ಪದೇ ಪದೇ ಕಿವಿಗೆ ಬೀಳುತ್ತಿದ್ದವು. ಕ್ರೈಸ್ತರಲ್ಲಿ ಜಾತಿಯೇ ಇಲ್ಲ ಅಲ್ವಾ, ಮತ್ಯಾಕೆ ಈ ಹೆಸರು ಅನ್ನೋದು ಒಂದು. ಇದೆಲ್ಲ ಮತಾಂತರಕ್ಕೆ ದಾರಿ ಅನ್ನೋದು ಇನ್ನೊಂದು. ಹೀಗೆ ಹೇಳಿದವರು ಯಾರೂ ನಮ್ಮ ಕೇರಿ ನೋಡಿದವರಲ್ಲ.

ನಾನು ಬೀದರ್ ಜಿಲ್ಲೆಯ ಮೆಥೊಡಿಸ್ಟ್ ಕುಟುಂಬದವನು. ಮೂಲ ಮಾದಿಗರು. ನಮ್ಮ ಮುತ್ತಜ್ಜನ ಕಾಲಕ್ಕೇ ದೀಕ್ಷಾಸ್ನಾನ ಆಗಿದೆ. ಯೇಸುವನ್ನು ನಂಬಿದ್ದರಿಂದ ನಮಗೆ ಸಿಕ್ಕಿದ್ದು ಸಣ್ಣದಲ್ಲ. ಅಕ್ಷರ ಸಿಕ್ಕಿತು. ಗುಡಿಯ ಹೊಸ್ತಿಲ ಹೊರಗೆ ನಿಲ್ಲುತ್ತಿದ್ದವರಿಗೆ ದೇವರ ಮುಂದೆ ಚಾಪೆ ಹಾಸಿ ಕೂರುವ ಜಾಗ ಸಿಕ್ಕಿತು. ಅದನ್ನು ಯಾವ ಸೌಲಭ್ಯಕ್ಕೂ ನಾವು ಬಿಟ್ಟುಕೊಡುವುದಿಲ್ಲ. ಆದರೆ ಊರು ನಮ್ಮನ್ನು ನೋಡುವ ರೀತಿ ಬದಲಾಗಲಿಲ್ಲ. ಮನೆ ಅದೇ ಕೇರಿಯಲ್ಲಿ ಉಳಿಯಿತು. ಜಾತ್ರೆ ಬಂದರೆ ಹಲಗೆ ಬಾರಿಸೋಕೆ ನಮ್ಮ ಹಿರಿಯರನ್ನೇ ಕರೆಯುತ್ತಿದ್ದರು, ಪಾಸ್ಟರ್ ಬೇಡ ಅಂದಿದ್ದಾರೆ, ನಾವೀಗ ಕ್ರಿಶ್ಚನ್ರು ಅಂತ ಹೇಳಿದರೆ ಸುಗ್ಗಿಯಲ್ಲಿ ಕೊಡುವ ಜೋಳ ನಿಲ್ಲಿಸುತ್ತಿದ್ದರು. ಬೈಯುವಾಗ ಮಾತ್ರ ಯಾರೂ ಕ್ರಿಶ್ಚನ್ ಅಂತ ಬೈಯಲಿಲ್ಲ, ಹಳೆಯ ಹೆಸರು ಹಿಡಿದೇ ಬೈದರು.

ಸಮೀಕ್ಷೆಗೆ ಬಂದ ಶಾಲಾ ಮಾಸ್ತರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಮೊಬೈಲ್ ಹಿಡಿದು ಒಂದೊಂದೇ ಪ್ರಶ್ನೆ ಕೇಳುತ್ತಾ ಬಂದರು. ಧರ್ಮ ಆಯಿತು. ಜಾತಿ ಅಂದಾಗ ನಮ್ಮವ್ವ, "ಮಾದಿಗರು ಅಂತ ಬರ್ಕೋರಿ ಮಾಸ್ತರ್ರೇ" ಅಂದಳು. ಅವರು ತಲೆ ಎತ್ತಿ, "ಕ್ರಿಶ್ಚಿಯನ್ ಅಂದ್ರಲ್ಲವ್ವ?" ಅಂತ ಕೇಳಿದರು. "ಹೌದ್ರಿ, ಕ್ರಿಶ್ಚನ್ರೇ. ಮಾದಿಗರೂ ಹೌದು" ಅಂದಳು. ಮಾಸ್ತರದೇನೂ ತಪ್ಪಿಲ್ಲ ಬಿಡಿ. ಎರಡೂ ಒಟ್ಟಿಗೆ ನಿಜ ಇರಬಹುದು ಅಂತ ನಮ್ಮ ಕಾನೂನೇ ಇನ್ನೂ ಒಪ್ಪಿಲ್ಲ.

1950ರ ಆಗಸ್ಟ್ 10ರಂದು ಬಂದ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಅಂತ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಸೇರಿಸಿದ್ದು ಸರಿಯೇ. ಆ ಧರ್ಮಗಳೂ ಜಾತಿಯನ್ನು ಒಪ್ಪುವುದಿಲ್ಲ, ಆದರೂ ಸಮಾಜ ಅವರಿಗೆ ಜಾತಿ ಅಂಟಿಸಿದೆ ಅಂತ ಸರ್ಕಾರಕ್ಕೆ ಅರ್ಥವಾಯಿತು. ಕ್ರೈಸ್ತರು, ಮುಸ್ಲಿಮರ ವಿಷಯ ಬಂದಾಗ ಮಾತ್ರ "ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ" ಅನ್ನುತ್ತಾರೆ. ಇದು ಯಾವ ನ್ಯಾಯ?

ಸೂಸೈ ಪ್ರಕರಣ ಓದಿದಾಗಿನಿಂದ ನನ್ನ ತಲೆಯಿಂದ ಹೋಗಿಲ್ಲ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಆದಿ ದ್ರಾವಿಡ ಕ್ರೈಸ್ತ ಅವರು. ಅದೇ ಕೆಲಸ ಮಾಡುತ್ತಿದ್ದ ಹಿಂದೂ ದಲಿತರಿಗೆ ಸರ್ಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಸೂಸೈಗೆ ಕೊಡಲಿಲ್ಲ. ಕೈಯಲ್ಲಿ ಅದೇ ಉಳಿ, ಅದೇ ಚರ್ಮ, ತಲೆ ಮೇಲೆ ಅದೇ ಬಿಸಿಲು. ಸುಪ್ರೀಂ ಕೋರ್ಟಿಗೆ ಹೋದರು. ಮತಾಂತರದ ನಂತರವೂ ಅಷ್ಟೇ ಹೀನ ಸ್ಥಿತಿ ಮುಂದುವರಿದಿದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ 1985ರಲ್ಲಿ ಅರ್ಜಿ ವಜಾ ಆಯಿತು. ಆ ಪುರಾವೆ ಒದಗಿಸುವ ಕೆಲಸ ಒಬ್ಬ ಚಮ್ಮಾರನದ್ದಾ, ಸರ್ಕಾರದ್ದಾ?

ಆಮೇಲೆ ಕೇಂದ್ರ ಸರ್ಕಾರವೇ ನೇಮಿಸಿದ್ದ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ, ಪರಿಶಿಷ್ಟ ಜಾತಿ ಸ್ಥಾನಕ್ಕೂ ಧರ್ಮಕ್ಕೂ ಗಂಟು ಹಾಕಬೇಡಿ ಅಂತ ಶಿಫಾರಸು ಮಾಡಿತು. ಜಾರಿ ಆಗಲಿಲ್ಲ. 2022ರಲ್ಲಿ ಇದೇ ಪ್ರಶ್ನೆ ಪರಿಶೀಲಿಸೋಕೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ಬಂತು, ಎರಡು ವರ್ಷದ ಅವಧಿ ಮುಗಿದ ಮೇಲೆ ಮತ್ತೆ ಸಮಯ ಕೊಟ್ಟರು.

ಇದು ಬರೀ ನೌಕರಿ, ಸೀಟಿನ ಮಾತು ಅಂತ ತಿಳಿಯಬೇಡಿ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಮಗೆ ಜಾಗ ಇದೆ, ನಿಜ. ಆದರೆ ಜಾತಿ ಹಿಡಿದು ಹೊಡೆದರೆ ಹಿಂದೂ ಮಾದಿಗನಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಪಕ್ಕದ ಮನೆಯ ಅವನ ಚಿಕ್ಕಪ್ಪನ ಮಗ ಚರ್ಚಿಗೆ ಹೋಗುವವನಾದರೆ ಅವನಿಗಿಲ್ಲ. ಹೊಡೆದವನು ಒಬ್ಬನೇ, ಬೈದ ಮಾತೂ ಒಂದೇ. ಇದೇ ಕಾರಣಕ್ಕೆ ಎಷ್ಟೋ ತಾಯಂದಿರು ಮಕ್ಕಳ ಹೆಸರು ಶಾಲೆಗೆ ಹಚ್ಚುವಾಗ ಹಿಂದೂ ಅಂತ ಬರೆಸಿ, ಭಾನುವಾರ ಅದೇ ಮಕ್ಕಳನ್ನು ಸಂಡೇ ಸ್ಕೂಲಿಗೆ ಕರೆದುಕೊಂಡು ಹೋಗುತ್ತಾರೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಂಬಿಕೆ ಇಲ್ಲದೆ ಮೀಸಲಾತಿಗಾಗಿ ಮಾತ್ರ ಹಿಂದೂ ಅಂತ ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ಮೋಸ ಅಂದಿತು. ಮೋಸ ಅನ್ನುವ ಮೊದಲು, ದೇವರನ್ನು ಮುಚ್ಚಿಟ್ಟು ಬದುಕುವ ಸ್ಥಿತಿಗೆ ಜನರನ್ನು ತಂದಿದ್ದು ಯಾರು ಅಂತ ಯಾರಾದರೂ ಕೇಳಬೇಕಿತ್ತು.

ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರಿಗೂ ಒಂದು ಮಾತು ಹೇಳಲೇಬೇಕು. ಕ್ರೈಸ್ತರಲ್ಲಿ ಜಾತಿ ಇಲ್ಲ ಅಂತ ನೀವು ಮೈಕ್ ಮುಂದೆ ಹೇಳುತ್ತೀರಿ, ಮಗಳಿಗೆ ಗಂಡು ನೋಡುವಾಗ ಮೂಲ ಯಾವುದು ಅಂತ ಮೆಲ್ಲಗೆ ವಿಚಾರಿಸುತ್ತೀರಿ. ಭಾರತದ ಕ್ಯಾಥೊಲಿಕ್ ಬಿಷಪರೇ 2016ರಲ್ಲಿ ದಲಿತರ ಸಬಲೀಕರಣದ ನೀತಿ ತಂದಾಗ ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡರು. ಒಪ್ಪಿಕೊಂಡಿದ್ದು ದೊಡ್ಡದು. ಕ್ಯಾಥೊಲಿಕ್ ಸಭೆಯಲ್ಲಿ ಪೋಪ್ ಬಿಟ್ಟರೆ ಅತಿ ಎತ್ತರದ ಕಾರ್ಡಿನಲ್ ಸ್ಥಾನಕ್ಕೆ ಒಬ್ಬ ದಲಿತ, ಆಂಥೋನಿ ಪೂಲ ಅವರು, ಏರಿದ್ದು 2022ರಲ್ಲಿ. ಅಷ್ಟು ತಡವಾಗಿ! ಆಗಿನ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದ ಹೆಣ್ಣುಮಗಳ ಕೈಯಿಂದ ನೀರು ಕೇಳಿ ಕುಡಿಯಲು ಹಿಂಜರಿಯದ ಯೇಸುವಿನ ಹೆಸರು ಹೇಳುವವರು ನಾವು.

ಹಾಗಾಗಿ ನನ್ನ ಬೇಡಿಕೆ ಎರಡು ಕಡೆಗೆ. ಕೇಂದ್ರ ಸರ್ಕಾರ ಆಯೋಗದ ಹೆಸರು ಹೇಳಿ ದಿನ ತಳ್ಳುವುದನ್ನು ಬಿಟ್ಟು 1950ರ ಆದೇಶದಿಂದ ಧರ್ಮದ ಷರತ್ತು ತೆಗೆಯಲಿ. ನಮ್ಮ ಚರ್ಚುಗಳು ತಾವು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ದಲಿತ ಕ್ರೈಸ್ತರಿಗೆ ಎಷ್ಟು ಸೀಟು, ಎಷ್ಟು ನೌಕರಿ, ಆಡಳಿತ ಮಂಡಳಿಯಲ್ಲಿ ಎಷ್ಟು ಜಾಗ ಸಿಕ್ಕಿದೆ ಅಂತ ಲೆಕ್ಕ ಹೊರಗೆ ಹಾಕಲಿ. ಇದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ, ಈ ವರ್ಷವೇ ಮಾಡಬಹುದು.

— ಒಬ್ಬ ಓದುಗ, ಬೀದರ್ ಜಿಲ್ಲೆ