ಕೆಲಸ ಒಪ್ಪಿಸಿ, ಕೇಳುವ ಹಕ್ಕನ್ನು ಒಪ್ಪಿಸಬೇಡಿ

ಮಾನ್ಯ ಸಂಪಾದಕರೇ,

ನಾನು ಸ್ಥಳೀಯ ಸಂಸ್ಥೆಗಳ ಲೆಕ್ಕ ತಪಾಸಣೆ ಮಾಡಿಕೊಂಡೇ ನಿವೃತ್ತನಾದವನು. ತಪಾಸಣೆಯವರು ಬರುವ ಹೊತ್ತಿಗೆ ಕಲ್ಲು ಹಾಸಿ ಆಗಿರುತ್ತದೆ, ಬಿಲ್ ಪಾಸಾಗಿರುತ್ತದೆ, ಉದ್ಘಾಟನೆಯ ಫೋಟೊ ಗೋಡೆಯ ಮೇಲಿರುತ್ತದೆ. ನಾವು ಬರೆಯುವ ಆಕ್ಷೇಪಣೆ ಕಡತ ಸೇರುತ್ತದೆ. ಅದಕ್ಕೇ ಹಳೆಯ ಪೇಟೆಬೀದಿಗೆ, ನದಿದಂಡೆಗೆ, ಮುಚ್ಚಿಹೋದ ಕಾರ್ಖಾನೆಯ ಜಾಗಕ್ಕೆ ಹೊಸ ಜೀವ ಕೊಡುತ್ತೇವೆ ಎನ್ನುವ ಯೋಜನೆಗಳ ಬಗ್ಗೆ ಓದಿದಾಗಲೆಲ್ಲ ನನಗೆ ಮೊದಲು ಬರುವ ಯೋಚನೆ ಇದು: ಕೆಲಸ ನಡೆಯುತ್ತಿರುವಾಗಲೇ ಇದನ್ನು ಕೇಳುವವರು ಯಾರು?

ಇಂಥ ಯೋಜನೆಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಜನ ಕೂರಲು ನೆರಳು, ಮಕ್ಕಳು ಓಡಾಡಲು ಜಾಗ, ವಯಸ್ಸಾದವರು ಹೆದರದೆ ದಾಟುವ ರಸ್ತೆ, ಇವೆಲ್ಲ ಯಾವ ಊರಿಗಾದರೂ ಬೇಕು. ನನ್ನ ಕಳವಳ ಇರುವುದು ಕೆಲಸ ನಡೆಯುವ ರೀತಿಯ ಬಗ್ಗೆ. ಪಾಲಿಕೆ ಇದಕ್ಕೆಂದೇ ಒಂದು ಬೇರೆ ಕಂಪನಿಯನ್ನೋ ಟ್ರಸ್ಟನ್ನೋ ಹುಟ್ಟುಹಾಕುತ್ತದೆ. ಕೆಲಸ ಬೇಗ ಆಗುತ್ತದೆ, ಹೊರಗಿನ ಬಂಡವಾಳ ಬರುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ಅದು ಸುಳ್ಳೂ ಅಲ್ಲ. ಆದರೆ ಅಲ್ಲಿಂದಾಚೆಗೆ ಸದಸ್ಯರು ಲೆಕ್ಕ ಕೇಳಿದರೆ ‘ಇದು ವ್ಯಾಪಾರದ ಗುಟ್ಟು, ಸಭೆಯಲ್ಲಿ ಇಡಲು ಆಗುವುದಿಲ್ಲ’ ಎಂಬ ಉತ್ತರ ಸಿಗುತ್ತದೆ. ಹಣ ಜನರದ್ದು, ಜಾಗ ಜನರದ್ದು, ಲೆಕ್ಕ ಮಾತ್ರ ಗುಟ್ಟು ಅಂದರೆ ಹೇಗೆ?

ಇಂಗ್ಲೆಂಡಿನ ವೋಕಿಂಗ್ ಪಟ್ಟಣವನ್ನು ನೋಡಿ. ಸುಮಾರು 1 ಲಕ್ಷ ಜನರಿರುವ ಊರು. ಪೇಟೆಯ ನಡುಭಾಗವನ್ನು ಹೊಸದಾಗಿ ಕಟ್ಟಲು ಅಲ್ಲಿನ ಕೌನ್ಸಿಲ್, ಅಂದರೆ ನಮ್ಮ ಪಾಲಿಕೆಯಂಥ ಸ್ಥಳೀಯ ಆಡಳಿತ, ಸರ್ಕಾರದಿಂದ ಸಾಲ ತಂದು, ತನಗೇ ಸೇರಿದ ಕಂಪನಿಗಳಿಗೆ ಕೊಟ್ಟಿತು. ಗೋಪುರದಂಥ ವಸತಿ ಕಟ್ಟಡಗಳು ಎದ್ದವು, ಹೋಟೆಲ್ ಬಂತು, ಅಂಗಡಿ ಸಾಲು ಬಂತು. 2023ರ ಜೂನ್‌ನಲ್ಲಿ, ಖರ್ಚಿಗೆ ಹಣ ಹೊಂದಿಸಲು ನಮ್ಮಿಂದ ಆಗುವುದಿಲ್ಲ ಎಂದು ಆ ಕೌನ್ಸಿಲ್ ಅಧಿಕೃತವಾಗಿ ನೋಟಿಸ್ ಹೊರಡಿಸಿತು. ಆ ವರ್ಷದ ಕೊರತೆ ಸುಮಾರು 120 ಕೋಟಿ ಪೌಂಡ್. ವರ್ಷಕ್ಕೆ ಕೈಗೆ ಸಿಗುವ ಮೂಲ ಹಣ ಬರೀ 1.6 ಕೋಟಿ ಪೌಂಡ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ದೊಡ್ಡ ಕಂದಕ ಒಂದೇ ದಿನದಲ್ಲಿ ಬೀಳುವುದಿಲ್ಲ. ಸಾಲ ಕೊಡುವವರೂ ನಾವೇ, ತೆಗೆದುಕೊಳ್ಳುವ ಕಂಪನಿಯೂ ನಮ್ಮದೇ, ಯೋಜನೆ ಒಪ್ಪುವವರೂ ನಾವೇ ಅಂತಾದಾಗ ‘ಬೇಡ’ ಎನ್ನುವ ದನಿ ಎಲ್ಲಿಂದ ಬರಬೇಕು? ಕೊನೆಗೆ ಇದನ್ನು ಹೊತ್ತವರು ಸಾಮಾನ್ಯ ಜನ. ತೆರಿಗೆಯೂ ಅವರದ್ದೇ, ಕಡಿತವಾದ ಸೇವೆಗಳೂ ಅವರವೇ.

ಲಂಡನ್ನಿನ ಗಾರ್ಡನ್ ಬ್ರಿಡ್ಜ್ ಕಥೆ ಇನ್ನೂ ಬೇಸರದ್ದು. ಥೇಮ್ಸ್ ನದಿಯ ಮೇಲೆ ಮರಗಿಡಗಳ ಸೇತುವೆ ಕಟ್ಟಬೇಕು ಅಂತ ಒಂದು ಟ್ರಸ್ಟ್ ಹೊರಟಿತು. ಚಿತ್ರಗಳು ತುಂಬ ಚೆನ್ನಾಗಿದ್ದವು. ನದಿಯ ಎರಡೂ ದಡದ ಕೌನ್ಸಿಲ್‌ಗಳು 2014ರಲ್ಲಿ ಒಪ್ಪಿಗೆ ಕೊಟ್ಟವು. ಸೇತುವೆ ಇಳಿಯಬೇಕಾದ ಜಾಗ ಪೂರ್ತಿ ಕೈಗೆ ಬರುವ ಮೊದಲೇ ನಿರ್ಮಾಣದ ಗುತ್ತಿಗೆಗೆ ಸಹಿ ಬಿತ್ತು. 2017ರಲ್ಲಿ, ಆಗ ಸಂಸದೆಯಾಗಿದ್ದ ಮಾರ್ಗರೆಟ್ ಹಾಜ್ ಅವರು ಪರಿಶೀಲನೆ ಮಾಡಿ, ಇದನ್ನು ಮುಂದುವರಿಸುವುದು ಬೇಡ ಎಂದು ಖಡಾಖಂಡಿತವಾಗಿ ಬರೆದರು. ಅದೇ ವರ್ಷ ಯೋಜನೆ ನಿಂತಿತು. ಅಷ್ಟರಲ್ಲಿ ಸುಮಾರು 5.3 ಕೋಟಿ ಪೌಂಡ್ ಖರ್ಚಾಗಿತ್ತು. ಅದರಲ್ಲಿ ಸುಮಾರು 4.3 ಕೋಟಿ ಸಾರ್ವಜನಿಕರ ಹಣ. ಒಂದು ಕಂಬವೂ ಮೇಲೇಳಲಿಲ್ಲ. ಜಾಗ ಕೈಯಲ್ಲಿ ಇಲ್ಲದೆ ಗುತ್ತಿಗೆಗೆ ಸಹಿ ಹಾಕಬಾರದು ಎನ್ನುವುದು ಇಲಾಖೆಯಲ್ಲಿ ಹೊಸದಾಗಿ ಸೇರಿದ ಗುಮಾಸ್ತನಿಗೂ ಗೊತ್ತಿರುವ ವಿಷಯ, ಅಲ್ವಾ?

ಹಣದ ಲೆಕ್ಕ ಸರಿಯಿದ್ದರೂ ಸಾಲದು. ನ್ಯೂಯಾರ್ಕ್‌ನ ಹೈ ಲೈನ್ ಉದ್ಯಾನ 2009ರಲ್ಲಿ ತೆರೆಯಿತು. ಹಳೆಯ ರೈಲು ಮೇಲ್ಸೇತುವೆಯ ಮೇಲೆ ಮಾಡಿದ ಆ ನಡಿಗೆ ದಾರಿಯನ್ನು ಜಗತ್ತೇ ಮೆಚ್ಚಿತು. ಸುತ್ತಲಿನ ಆಸ್ತಿ ಬೆಲೆ ಗಗನಕ್ಕೇರಿತು. ಪಕ್ಕದಲ್ಲೇ ಸರ್ಕಾರಿ ವಸತಿ ಸಮುಚ್ಚಯಗಳಿದ್ದವು. ಅಲ್ಲಿನ ಜನರಿಗೆ ಇದು ತಮ್ಮದು ಅನ್ನಿಸಲಿಲ್ಲ. ಅದನ್ನು ಕಟ್ಟಲು ಹೋರಾಡಿದ ಇಬ್ಬರಲ್ಲಿ ಒಬ್ಬರಾದ ರಾಬರ್ಟ್ ಹ್ಯಾಮಂಡ್ ಅವರೇ 2017ರಲ್ಲಿ ಈ ವಿಷಯದಲ್ಲಿ ತಾವು ಸೋತೆವು ಎಂದು ಒಪ್ಪಿಕೊಂಡರು. ವಿನ್ಯಾಸ ಹೇಗಿರಬೇಕು ಅಂತ ಜನರನ್ನು ಕೇಳಿದೆವು, ನಿಮಗೆ ಏನು ಬೇಕು ಅಂತ ಕೇಳಬೇಕಿತ್ತು ಎನ್ನುವ ಅರ್ಥದ ಮಾತು ಅವರದ್ದು. ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವವಿದೆ. ಆದರೆ ಈ ಪ್ರಶ್ನೆಯನ್ನು ಕೇಳಬೇಕಾದವರು ಆ ಬಡಾವಣೆಯವರಿಂದ ಮತ ಪಡೆದು ಸಭೆಯಲ್ಲಿ ಕೂತಿರುವ ಸದಸ್ಯರು. ಕಟ್ಟುವವರಿಗೆ ಅದು ನೆನಪಾಗುವ ತನಕ ಕಾಯಬಾರದಿತ್ತು.

ಸರಿಯಾಗಿ ಮಾಡಿದ್ದೂ ಉಂಟು. ಅದೇ ನ್ಯೂಯಾರ್ಕ್ ಆಡಳಿತ 2009ರಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲಿ ವಾಹನ ಸಂಚಾರ ನಿಲ್ಲಿಸಿ, ರಸ್ತೆ ಮೇಲೆ ಮಡಚುವ ಕುರ್ಚಿ ಹಾಕಿ ಪರೀಕ್ಷೆ ಮಾಡಿತು. ಟ್ಯಾಕ್ಸಿಗಳ ಜಿಪಿಎಸ್ ನೋಡಿ ವಾಹನಗಳ ವೇಗ ಅಳೆಯಿತು, ಅಪಘಾತ ಎಣಿಸಿತು. ಅಲ್ಲಿ ಪಾದಚಾರಿಗಳಿಗೆ ಆಗುವ ಗಾಯ ಶೇ 35ರಷ್ಟು ಕಡಿಮೆಯಾಗಿತ್ತು. ಇದನ್ನೆಲ್ಲ ಜನರ ಮುಂದಿಟ್ಟು 2010ರಲ್ಲಿ ಕಾಯಂ ಮಾಡಿತು. ಸರಿಹೋಗದಿದ್ದರೆ ಕುರ್ಚಿ ಎತ್ತಿಟ್ಟರೆ ಮುಗಿಯುತ್ತಿತ್ತು. ಕಾಂಕ್ರೀಟ್ ಸುರಿದ ಮೇಲೆ ಹಾಗೆ ಎತ್ತಿಡಲು ಬರುವುದಿಲ್ಲ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಕಂಪನಿ ಮಾಡಿ, ಟ್ರಸ್ಟ್ ಮಾಡಿ, ಆದರೆ ಅದರ ಲೆಕ್ಕ ಮೂರು ತಿಂಗಳಿಗೊಮ್ಮೆ ಸಭೆಗೆ ಬರಲಿ. ಆ ಕಂಪನಿಯ ನಿರ್ದೇಶಕರಾಗಿರುವ ಸದಸ್ಯರು ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಕೂರಬಾರದು. ಆ ಸಮಿತಿಯ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಇರಲಿ. ದಪ್ಪ ವರದಿಯನ್ನು ಹಿಂದಿನ ರಾತ್ರಿ ಕೈಗಿಟ್ಟು ಬೆಳಿಗ್ಗೆ ಒಪ್ಪಿಗೆ ಕೇಳುವುದು ನಿಲ್ಲಲಿ. ಮೇಜು ಗುದ್ದಿ ಒಪ್ಪಿಗೆ ಕೊಟ್ಟ ಸಭೆಗಳ ನಡಾವಳಿಗಳನ್ನು ನಾನು ಬಹಳ ಓದಿದ್ದೇನೆ. ಅವುಗಳಲ್ಲಿ ಎಷ್ಟೋ ಕಡೆ ಒಂದೇ ಒಂದು ಪ್ರಶ್ನೆಯೂ ದಾಖಲಾಗಿರುವುದಿಲ್ಲ. ಇನ್ನೊಂದು ಮುಖ್ಯ ವಿಷಯ, ನಿರ್ವಹಣೆಯದು. ಕಾರಂಜಿ ಹಾಕಲು ಅನುದಾನ ಸಿಗುತ್ತದೆ. ಐದು ವರ್ಷ ಅದರ ಮೋಟಾರು ರಿಪೇರಿ ಮಾಡುವವರು ಯಾರು ಅಂತ ಯೋಜನೆಯ ಕಾಗದದಲ್ಲೇ ಬರೆದಿರಬೇಕು.

ಸಂಪಾದಕರೇ, ನಿಮ್ಮಲ್ಲೂ ಒಂದು ವಿನಂತಿ. ಇಂಥ ಯೋಜನೆಗಳ ಬಣ್ಣದ ಚಿತ್ರ ಹಾಕುವಾಗ, ಅದರ ಜೊತೆಗೇ ಸಭೆಯಲ್ಲಿ ಯಾರು ಏನು ಕೇಳಿದರು, ಏನು ಉತ್ತರ ಬಂತು ಅಂತಲೂ ಹಾಕಿ. ಯಾರೂ ಏನೂ ಕೇಳಲಿಲ್ಲ ಅಂದರೆ, ಅದನ್ನೂ ಹಾಗೇ ಬರೆಯಿರಿ.

ಇಂತಿ,
ನಿಮ್ಮ ಓದುಗ, ನಿವೃತ್ತ ಲೆಕ್ಕಪರಿಶೋಧಕ