ರನ್ ಅಂದರೆ ಬರೀ ಓಡೋದಲ್ಲ ಕಣೇ

ಮ್ಯಾಂಚೆಸ್ಟರ್
ಭಾನುವಾರ ಮಧ್ಯಾಹ್ನ

ಪುಟ್ಟಿ,

ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು. ಪತ್ರ ಅವರಿಗೂ ಓದಿ ಹೇಳು, ಅಜ್ಜಿಗೆ ಮಾತ್ರ ನಡುವೆ ಬರುವ ಭೇದಿ ಪುರಾಣ ಬಿಟ್ಟು ಓದು. ನಾನು ಚೆನ್ನಾಗಿದ್ದೇನೆ. ಮಳೆ ಇದೆ, ಚಳಿ ಇದೆ, ಅದನ್ನೇ ಬರೆಯುತ್ತಾ ಕೂತರೆ ಎಲ್ಲಾ ಪತ್ರವೂ ಒಂದೇ ಥರ ಆಗುತ್ತದೆ.

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಕೋಚಿಂಗ್‌ನಲ್ಲಿ ಕೊಟ್ಟಿದ್ದಾರೆ ಅಂದೆಯಲ್ಲ, ಒಂದೊಂದು ಪದದ ಮುಂದೆ ಹತ್ತು ಹತ್ತು ಪದ, ಸಣ್ಣ ಪದ ಬರೆದರೆ ಐಇಎಲ್‌ಟಿಎಸ್‌ನಲ್ಲಿ ಅಂದರೆ ಆ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆ ಬ್ಯಾಂಡ್ (ಅಂಕ) ಬರಲ್ಲ, ಅದನ್ನು ತೆಗೆದು ದೊಡ್ಡದು ಹಾಕಿ ಅಂತ. ‘ರನ್’ ಮುಂದೆ ಆಪರೇಟ್, ಮ್ಯಾನೇಜ್, ಫಂಕ್ಷನ್, ಫ್ಲೋ, ಸ್ಪ್ರಿಂಟ್, ಎಲ್ಲಾ ಒಂದೇ ಸಾಲಿನಲ್ಲಿ. ದಯವಿಟ್ಟು ಅದನ್ನು ಉರು ಹೊಡೆಯಬೇಡ. ಯಾಕೆ ಅಂತ ಫೋನಿನಲ್ಲಿ ಹೇಳೋಕೆ ಹೋದರೆ ನೀನು ಜಗಳಕ್ಕೆ ಬರ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ವಾರ್ಡಿಗೆ ಬಾ. ನಾನು ನರ್ಸ್ ಡ್ಯೂಟಿ ಮಾಡುವುದು ಹಾರ್ಟ್ ಪೇಶೆಂಟುಗಳ ವಾರ್ಡಿನಲ್ಲಿ. ಬೆಳಗಿನ ಹ್ಯಾಂಡೋವರ್‌ನಲ್ಲಿ ‘ಶೀ ಈಸ್ ರನ್ನಿಂಗ್ ಎ ಟೆಂಪರೇಚರ್’ ಅಂದರೆ ಆಕೆಗೆ ಜ್ವರ ಇದೆ ಅಂತ. ‘ಹೀ ಹ್ಯಾಡ್ ಎ ರನ್ ಆಫ್ ವಿಟಿ’ ಅಂದರೆ ಮಾನಿಟರಿನಲ್ಲಿ ಒಂದಷ್ಟು ಬಡಿತ ಲಯ ತಪ್ಪಿ, ಒಂದರ ಹಿಂದೊಂದು ತುಂಬಾ ವೇಗವಾಗಿ ಬಂದಿವೆ, ಡಾಕ್ಟರಿಗೆ ತಿಳಿಸಬೇಕು ಅಂತ. ಡ್ರಿಪ್ ‘ರನ್ ಇಟ್ ಓವರ್ ಎಯ್ಟ್ ಅವರ್ಸ್’ ಅಂದರೆ ಎಂಟು ಗಂಟೆಯಲ್ಲಿ ಮುಗಿಯುವ ಹಾಗೆ ಬಿಡು. ಕ್ಲಿನಿಕ್ ‘ರನ್ನಿಂಗ್ ಲೇಟ್’ ಆಗಿದ್ದರೆ ತಡ. ರಾತ್ರಿ ಪಾಳಿಯವಳು ‘ಐ ವಾಸ್ ರನ್ ಆಫ್ ಮೈ ಫೀಟ್’ ಅಂದರೆ ಕೂರೋಕೂ ಪುರುಸೊತ್ತಿರಲಿಲ್ಲ ಪಾಪ. ಮೈಯಲ್ಲಿ ಶಕ್ತಿಯೇ ಇಲ್ಲ, ಸುಸ್ತು ಅನ್ನೋದಕ್ಕೆ ‘ರನ್ ಡೌನ್’. ಇನ್ನು ಯಾರಾದರೂ ಅಜ್ಜಿ ಹತ್ತಿರ ಕರೆದು, ದನಿ ತಗ್ಗಿಸಿ ‘ಐ ಹ್ಯಾವ್ ಗಾಟ್ ದ ರನ್ಸ್, ಲವ್’ ಅಂದರೆ ಹೊಟ್ಟೆ ಕೆಟ್ಟಿದೆ, ಕಮೋಡು ಕುರ್ಚಿ ತರಬೇಕು ಅಂತ. ನಾವು ಊರಲ್ಲಿ ದಿನಾ ಹೇಳುವ ‘ಲೂಸ್ ಮೋಷನ್’ ಅನ್ನುವ ಮಾತನ್ನು ಇಲ್ಲಿಯವರ ಬಾಯಲ್ಲಿ ನಾನು ಕೇಳಿಲ್ಲ. (ಆ ‘ಲವ್’ ಕೇಳಿ ಅಮ್ಮ ಗಾಬರಿಯಾಗೋದು ಬೇಡ. ಈ ಕಡೆ ಅಂಗಡಿಯವರು, ಬಸ್ ಡ್ರೈವರು, ಎಲ್ಲರೂ ಹಾಗೇ ಕರೆಯುತ್ತಾರೆ, ನಮ್ಮ ಕಡೆ ವಯಸ್ಸಾದವರು ‘ಯಾಕವ್ವಾ, ತಾಯೀ’ ಅನ್ನೋ ಹಾಗೆ.)

ಹಾಗೇ ‘ಇಟ್ ರನ್ಸ್ ಇನ್ ದ ಫ್ಯಾಮಿಲಿ.’ ಶುಗರು, ಬಿಪಿ, ಹಾರ್ಟಿನ ತೊಂದರೆ, ವಂಶದಲ್ಲಿ ಬಂದದ್ದಕ್ಕೆಲ್ಲ ಇದೇ ಮಾತು. ನಮ್ಮ ಮನೆಯಲ್ಲೂ ಒಂದು ಹಾಗೆ ಬಂದಿದೆ ಅಂತ ಅಪ್ಪನಿಗೆ ಗೊತ್ತು. ಗೊತ್ತಿದ್ದೂ ಸಂಜೆ ಬೇಕರಿ ಬಿಟ್ಟಿಲ್ಲ ಅಂತ ನನಗೆ ಗೊತ್ತು.

ಹೊರಗೆ ಬಂದರೂ ಇದು ಬೆನ್ನು ಬಿಡಲ್ಲ. ಅಂಗಡಿಯಲ್ಲಿ ಹಾಲು ‘ರನ್ ಔಟ್’. ತಮ್ಮನಿಗೆ ಹೇಳು, ಅವನಿಗೆ ಸ್ಟಂಪ್ ಬಿದ್ದರೇನೇ ರನ್ ಔಟ್, ಇಲ್ಲಿ ಹಾಲು, ಸಕ್ಕರೆ, ತಾಳ್ಮೆ ಎಲ್ಲಾ ರನ್ ಔಟ್ ಆಗುತ್ತವೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರೋದು ‘ಸ್ಕೂಲ್ ರನ್’, ಅದರಲ್ಲಿ ಯಾರೂ ಓಡಲ್ಲ, ಕಾರು ಟ್ರಾಫಿಕ್ಕಿನಲ್ಲಿ ನಿಂತಿರುತ್ತದೆ. ಸ್ನಾನಕ್ಕೆ ಟಬ್ಬಿಗೆ ನೀರು ಬಿಡೋದು ‘ರನ್ ಎ ಬಾತ್’. ಬಟ್ಟೆ ಬಣ್ಣ ಬಿಟ್ಟರೆ ಬಣ್ಣ ರನ್ ಆಯ್ತು. ಇಂಗ್ಲಿಷ್ ಮಾತಾಡುವವರೇ ಒಬ್ಬರಿಗೊಬ್ಬರು ಹೊಂದಲ್ಲ: ಅಮೆರಿಕದವರು ಚುನಾವಣೆಗೆ ರನ್ ಆಗುತ್ತಾರೆ, ಇಲ್ಲಿಯವರು ನಮ್ಮ ಥರ ನಿಲ್ಲುತ್ತಾರೆ. ಕಾಲಿಗೆ ಹಾಕುವ ತೆಳು ಟೈಟ್ಸ್ ಎಳೆ ಬಿಟ್ಟು ಹರಿದರೆ ಅಮೆರಿಕದಲ್ಲಿ ಅದು ರನ್, ಇಲ್ಲಿ ಅದಕ್ಕೆ ಲ್ಯಾಡರ್, ಏಣಿ ಅಂತಾರೆ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ಇದನ್ನು ಲೆಕ್ಕ ಹಾಕಿದ್ದಾರೆ. 1989ರ ಎರಡನೇ ಆವೃತ್ತಿಯಲ್ಲಿ ‘ಸೆಟ್’ ದೊಡ್ಡಣ್ಣ, ಅದಕ್ಕೆ 430 ಅರ್ಥ. 2011ರ ಹೊತ್ತಿಗೆ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ 645 ಅರ್ಥ. ಅದನ್ನು ಬಿಡಿಸಿ ಬರೆಯೋಕೆ ಪೀಟರ್ ಗಿಲಿವರ್ ಅನ್ನುವ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡಿಯಿತಂತೆ. ಒಂದೇ ಪದಕ್ಕೆ! ನಿನ್ನ ಕೋಚಿಂಗ್‌ನವರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ.

ಇಷ್ಟು ಉಬ್ಬಿದ್ದು ಯಾಕೆ ಅಂದರೆ ಒಂದು ದೊಡ್ಡ ಕಾರಣ ಯಂತ್ರ. ನೀರು, ಕುದುರೆ, ಹಡಗು ಹಿಂದಿನಿಂದಲೂ ರನ್ ಆಗುತ್ತಿದ್ದವು. ಆಮೇಲೆ ಗಿರಣಿ, ರೈಲು, ಕಾರು, ಕಂಪ್ಯೂಟರು, ಬಂದದ್ದೆಲ್ಲ ರನ್ ಆಗತೊಡಗಿತು. ಅದರಲ್ಲಿ ಈ ಊರಿನ ಪಾಲು ಜಾಸ್ತಿನೇ ಇದೆ. ಹತ್ತಿಯ ಮಿಲ್ಲುಗಳ ಊರು ಇದು. 1830ರಲ್ಲಿ ಲಿವರ್‌ಪೂಲ್‌ಗೂ ಮ್ಯಾಂಚೆಸ್ಟರಿಗೂ ನಡುವೆ ಉಗಿ ರೈಲು ಶುರುವಾಯಿತು. ಅಪ್ಪನಿಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ: ತನ್ನ ನೆನಪಿನಲ್ಲೇ ಪ್ರೋಗ್ರಾಂ ಇಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಕಂಪ್ಯೂಟರಿನಲ್ಲಿ ಪ್ರಪಂಚದಲ್ಲೇ ಮೊದಲ ಪ್ರೋಗ್ರಾಂ ‘ರನ್’ ಆದದ್ದು ಇಲ್ಲಿಯ ಯೂನಿವರ್ಸಿಟಿಯಲ್ಲಿ, 1948ರ ಜೂನ್ 21ರಂದು. ಆ ಯಂತ್ರಕ್ಕೆ ಇಲ್ಲಿಯವರಿಟ್ಟ ಮುದ್ದಿನ ಹೆಸರು ‘ಬೇಬಿ’.

ಈಗ ನಿನ್ನ ಪಟ್ಟಿಯ ಮೂಲಪುರುಷನ ಕಥೆ. ಇಂಗ್ಲಿಷಿನಲ್ಲಿ ಸಮಾನಾರ್ಥಕ ಪದಗಳ ಪುಸ್ತಕ ಅಂದರೆ ಎಲ್ಲರೂ ಹೇಳುವುದು ರಾಜೆಟ್‌ನ ಥೆಸಾರಸ್ ಅಂತ. ಪೀಟರ್ ಮಾರ್ಕ್ ರಾಜೆಟ್ ಡಾಕ್ಟರು ಕಣೇ! 1804ರಲ್ಲಿ ಇದೇ ಮ್ಯಾಂಚೆಸ್ಟರಿನ ಆಸ್ಪತ್ರೆಗೆ ಕೆಲಸಕ್ಕೆ ಬಂದ. ಆಗ ಆಸ್ಪತ್ರೆ ಇದ್ದದ್ದು ಪಿಕ್ಯಾಡಿಲಿಯಲ್ಲಿ, ನಾನು ಈಗ ಬಸ್ ಹತ್ತುವ ಜಾಗ. ಮಾರನೇ ವರ್ಷವೇ ತನ್ನ ಉಪಯೋಗಕ್ಕೆ ಅಂತ ಪದಗಳನ್ನು ಗುಂಪು ಮಾಡಿ ಬರೆದಿಟ್ಟುಕೊಂಡ. ಅದು ಪುಸ್ತಕವಾಗಿ ಬಂದದ್ದು 1852ರಲ್ಲಿ, ಆಗ ಅವನಿಗೆ 73 ವರ್ಷ. ಅಕ್ಷರದ ಕ್ರಮ ಬಿಟ್ಟು, ಅರ್ಥದ ಪ್ರಕಾರ ಸುಮಾರು 1000 ತಲೆಬರಹದ ಕೆಳಗೆ ಪದಗಳನ್ನು ಜೋಡಿಸಿದ್ದ. ಈತ ಒಂದು ಬಗೆಯ ಸ್ಲೈಡ್ ರೂಲನ್ನೂ (ಲೆಕ್ಕ ಮಾಡೋಕೆ ಬಳಸುವ ಜಾರುವ ಪಟ್ಟಿ) ಕಂಡುಹಿಡಿದಿದ್ದ, ಇದೂ ಅಪ್ಪನ ಖಾತೆಗೆ.

ನನಗೆ ಅನ್ನಿಸೋದು ಇಷ್ಟು: ಆ ಪುಸ್ತಕ ಪದ ಗೊತ್ತಿದ್ದು, ನಾಲಿಗೆ ತುದಿಯಲ್ಲಿದ್ದು, ನೆನಪಿಗೆ ಬಾರದೆ ಒದ್ದಾಡುವವರಿಗೆ. ಗೊತ್ತೇ ಇಲ್ಲದ ಪದವನ್ನು ಅಲ್ಲಿಂದ ಎತ್ತಿ ತಂದು ಗೊತ್ತಿರುವ ಪದದ ಜಾಗದಲ್ಲಿ ಕೂರಿಸಿದರೆ ಎಡವಟ್ಟು. ‘ರನ್ ಎ ಹಾಸ್ಪಿಟಲ್’ ಇದ್ದ ಕಡೆ ‘ಮ್ಯಾನೇಜ್ ಎ ಹಾಸ್ಪಿಟಲ್’ ಅನ್ನು, ನಡೆಯುತ್ತೆ. ‘ರನ್ನಿಂಗ್ ಎ ಟೆಂಪರೇಚರ್’ ಇದ್ದ ಕಡೆ ‘ಮ್ಯಾನೇಜಿಂಗ್ ಎ ಟೆಂಪರೇಚರ್’ ಅಂದರೆ ಜ್ವರ ಬಂದವಳು ಪೇಶೆಂಟೋ, ಜ್ವರ ಇಳಿಸುವ ನರ್ಸೋ? ಮೂಗು ಸೋರೋದಕ್ಕೂ ಇಂಗ್ಲಿಷಿನಲ್ಲಿ ರನ್ ಅಂತಲೇ ಅನ್ನೋದು, ಅಲ್ಲಿ ಮೂಗು ‘ಆಪರೇಟ್’ ಆಗುತ್ತಿದೆ ಅಂತ ಬರೆದರೆ ಓದುವವರ ಗತಿ?

ನಮ್ಮ ಭಾಷೆಯಲ್ಲೇ ನೋಡು, ಅವರ ಒಂದು ರನ್ನಿಗೆ ನಾವು ಎಷ್ಟು ಬೇರೆ ಬೇರೆ ಮಾತು ಇಟ್ಟಿದ್ದೇವೆ. ಹೊಳೆ ಹರಿಯುತ್ತೆ, ಮೂಗು ಸೋರುತ್ತೆ, ಹಾಲು ಮುಗಿಯುತ್ತೆ. ಬಸ್ಸು ಓಡುತ್ತೆ, ಸಿನಿಮಾ ನೂರು ದಿನ ಓಡುತ್ತೆ, ಪರೀಕ್ಷೆ ದಿನ ತಲೆ ಮಾತ್ರ ಓಡಲ್ಲ. ಆದರೆ ಅಂಗಡಿ, ಆಸ್ಪತ್ರೆ, ಸಂಸಾರ ಇವನ್ನು ನಾವು ಓಡಿಸಲ್ಲ, ನಡೆಸುತ್ತೇವೆ. ಅಮ್ಮ ಇಷ್ಟು ವರ್ಷ ಆ ಸಂಬಳದಲ್ಲಿ ಮನೆ ನಡೆಸಿದ್ದನ್ನು ನೋಡಿದರೆ ನಮ್ಮ ಪದವೇ ಸರಿ ಅನ್ನಿಸುತ್ತೆ.

ಹಾಗಂತ ಇಂಗ್ಲಿಷಿನವರನ್ನು ನೋಡಿ ನಗೋಕೂ ಆಗಲ್ಲ, ನಮಗೆ ‘ಹೊಡೆ’ ಇದೆ. ಬಣ್ಣ ಹೊಡೀತೀವಿ, ಗಾಡಿ ಹೊಡೀತೀವಿ, ಟೀ ಹೊಡೀತೀವಿ, ಹರಟೆ ಹೊಡೀತೀವಿ, ಈಜು ಹೊಡೀತೀವಿ, ನಿದ್ದೆ ಹೊಡೀತೀವಿ, ಡೈಲಾಗ್ ಹೊಡೀತೀವಿ. ಹಳೇ ಅನ್ನ ವಾಸನೆ ಹೊಡೆಯುತ್ತೆ, ಮೇಲೆ ನಿನಗೇ ಉರು ‘ಹೊಡೆಯಬೇಡ’ ಅಂದಿದ್ದೇನೆ. ಇಲ್ಲಿಯ ನನ್ನ ಜೊತೆಯವಳೊಬ್ಬಳು ಕನ್ನಡ ಕಲಿಯಬೇಕು ಅಂತ ಡಿಕ್ಷನರಿ ನೋಡಿ, ಹೊಡೆ ಬದಲು ‘ಥಳಿಸು’ ಹಾಕಿ, ‘ಟೀ ಥಳಿಸೋಣ ಬಾ’ ಅಂದರೆ ಹೇಗಿರುತ್ತೆ? ನಿನ್ನ ಕೋಚಿಂಗ್‌ನವರು ಹೇಳಿಕೊಡುತ್ತಿರುವುದು ಸುಮಾರು ಅದನ್ನೇ.

ದೊಡ್ಡ ಪದದ ಮೋಹ ಇನ್ನೊಂದು ಕಾಟ. ರನ್ ಇಂಗ್ಲಿಷಿನ ಹಳೇ ಮನೆಮಾತು. ಆಪರೇಟ್, ಮ್ಯಾನೇಜ್, ಫಂಕ್ಷನ್ ಎಲ್ಲ ಲ್ಯಾಟಿನ್ ಮೂಲದವು, ಫ್ರೆಂಚ್, ಇಟಾಲಿಯನ್ ಅಂತ ಬೇರೆ ಬೇರೆ ದಾರಿಯಲ್ಲಿ ಆಮೇಲೆ ಬಂದು ಸೇರಿದವು. ಅವು ಆಫೀಸಿನ ಕಾಗದಕ್ಕೆ ಚಂದ. ನಮಗೂ ಉಪ್ಪು ಇದೆ, ಲವಣ ಇದೆ, ಎರಡೂ ಒಂದೇ ಅಲ್ವಾ, ಆದರೆ ಲವಣದಕಾಯಿ ಹಾಕ್ಕೊಂಡು ಊಟ ಮಾಡಿದವರು ಯಾರು? ರೋಗಿಯ ಹತ್ತಿರ ಮಾತಾಡುವಾಗ ಅಂತೂ ಸಣ್ಣ ಪದವೇ ಬೇಕು. ಡಾಕ್ಟರು ದೊಡ್ಡ ಮಾತಲ್ಲಿ ಹೇಳಿ ಹೋದಮೇಲೆ ಪೇಶೆಂಟುಗಳು ‘ಅವರು ಏನಂದರು?’ ಅಂತ ನಮ್ಮ ಕೈ ಹಿಡಿದು ಕೇಳುತ್ತಾರೆ.

ಪರೀಕ್ಷೆಗೆ ಬರೋಣ. ರೈಟಿಂಗ್‌ನಲ್ಲಿ ನಾಲ್ಕು ಅಂಶ ನೋಡಿ ಅಂಕ ಕೊಡುತ್ತಾರೆ, ಅದರಲ್ಲಿ ಪದಸಂಪತ್ತು ಒಂದು. ಕಾಲು ಭಾಗ. ಅಲ್ಲೂ ಅವರು ನೋಡೋದು ಪದದ ಉದ್ದವನ್ನಲ್ಲ, ಯಾವ ಪದದ ಜೊತೆ ಯಾವುದು ಹೋಗುತ್ತೆ ಅನ್ನೋದು ನಿನಗೆ ಗೊತ್ತಾ ಅಂತ. ಇಲ್ಲಿ ನರ್ಸ್ ಆಗಿ ರಿಜಿಸ್ಟರ್ ಆಗೋಕೆ ರೈಟಿಂಗ್‌ನಲ್ಲಿ 6.5, ಉಳಿದ ಮೂರರಲ್ಲಿ (ಕೇಳೋದು, ಓದೋದು, ಮಾತಾಡೋದು) 7 ಬೇಕು. ನಿನಗೆ ಕಷ್ಟವೇನಲ್ಲ.

ಆದ್ದರಿಂದ ಒಂದು ನೋಟ್‌ಬುಕ್ ಮಾಡು. ಒಂಟಿ ಪದ ಬರೆಯಬೇಡ, ಪದದ ಜೊತೆಗಾರರನ್ನೂ ಸೇರಿಸಿ ಇಡೀ ವಾಕ್ಯ ಬರಿ. ರನ್ನಿಗೆ ಎರಡು ಪುಟ ಬಿಡು. ಗೆಟ್, ಟೇಕ್, ಪುಟ್, ಸೆಟ್, ಇವಕ್ಕೂ ಅಷ್ಟೇ. ಆಸ್ಪತ್ರೆಯಲ್ಲಿ ಇವುಗಳ ಕಾಟ ಜಾಸ್ತಿ. ಇಂಗ್ಲಿಷ್ ಸುದ್ದಿ ಕೇಳುವಾಗ ಸಿಕ್ಕಿದ್ದನ್ನು ಅಲ್ಲೇ ಸೇರಿಸುತ್ತಾ ಹೋಗು. ಪಟ್ಟಿಯನ್ನು ಎಸೆಯಬೇಕಾಗಿಲ್ಲ, ದುಡ್ಡು ಕೊಟ್ಟಿದ್ದೀವಿ, ನಿನಗೆ ಚೆನ್ನಾಗಿ ಗೊತ್ತಿರುವ ಪದಕ್ಕೆ ಮಾತ್ರ ಅದರಲ್ಲಿ ಟಿಕ್ ಹಾಕು.

ಶುಕ್ರವಾರದೊಳಗೆ 250 ಪದದ ಒಂದು ಪ್ರಬಂಧ ಬರೆದು ಫೋಟೋ ಕಳಿಸು, ನೈಟ್ ಡ್ಯೂಟಿ ಇಲ್ಲ, ನೋಡ್ತೀನಿ. ಅಪ್ಪನ ಫಾಸ್ಟಿಂಗ್ ಶುಗರ್ ರಿಪೋರ್ಟೂ ಅದರ ಜೊತೆ ಬರಲಿ, ‘ಆಮೇಲೆ ಮಾಡಿಸ್ತಾರಂತೆ’ ಅಂತ ಬರೆದರೆ ನಾನೇ ಅವರಿಗೆ ಫೋನ್ ಮಾಡ್ತೀನಿ.

ನಿನ್ನ
ಅಕ್ಕ